ಬೆಲೆ ಕೇಳುವ ಬಹುಮಾನ

ಕಳೆದ ಮಳೆಗಾಲದ ಒಂದು ಭಾನುವಾರ, ಎರಡನೆಯ ಬಲಿಪೂಜೆ ಮುಗಿದು ಜನರೆಲ್ಲ ಚದುರಿದ ಬಳಿಕ, ನಮ್ಮ ಧರ್ಮಕೇಂದ್ರದ ಹಿರಿಯ ತಾಯಿಯೊಬ್ಬರು ಗುರುನಿವಾಸದ ಜಗಲಿಗೆ ಬಂದರು. ಪ್ರಾರ್ಥನಾ ಪುಸ್ತಕದ ನಡುವಿನಿಂದ ಬಣ್ಣದ ಕಾರ್ಡೊಂದನ್ನು ತೆಗೆದು ನಮ್ಮ ಮುಂದಿಟ್ಟರು. ಬೆಳ್ಳಿಯ ಲೇಪವನ್ನು ನಾಣ್ಯದಿಂದ ಉಜ್ಜಿ ತೆಗೆದ ಜಾಗದಲ್ಲಿ ರೆಫ್ರಿಜರೇಟರಿನ ಚಿತ್ರವಿತ್ತು. ಅದರ ಕೆಳಗೆ 'ಅಭಿನಂದನೆಗಳು' ಎಂದು ದಪ್ಪ ಅಕ್ಷರಗಳಲ್ಲಿ ಮುದ್ರಿತವಾಗಿತ್ತು.

ನಡೆದ ಸಂಗತಿ ಇಷ್ಟು. ಎರಡು ತಿಂಗಳ ಹಿಂದೆ ಟೈ ಕಟ್ಟಿಕೊಂಡ ಇಬ್ಬರು ತರುಣರು ಅವರ ಮನೆಗೆ ಬಂದಿದ್ದರು. ತಮ್ಮ ಕಂಪೆನಿಯು ಜಾಹೀರಾತಿಗೆ ಸುರಿಯುವ ಹಣವನ್ನು ಈ ವರ್ಷ ನೇರವಾಗಿ ಗೃಹಿಣಿಯರಿಗೇ ಹಂಚಲು ನಿರ್ಧರಿಸಿದೆಯೆಂದೂ, ಇಡೀ ಊರಿನಲ್ಲಿ ಐದು ಮನೆಗಳನ್ನು ಮಾತ್ರ ಆಯ್ದುಕೊಂಡಿದೆಯೆಂದೂ ಹೇಳಿದರು. ಕಾರ್ಡನ್ನು ಉಜ್ಜಲು ಕಾಸು ಕೊಡಬೇಕಾಗಿರಲಿಲ್ಲ. ಉಜ್ಜಿದಾಗ ರೆಫ್ರಿಜರೇಟರು ಬಂತು. ತರುಣರು ಕೈಕುಲುಕಿದರು, ಛಾಯಾಚಿತ್ರ ತೆಗೆದರು. ಆಮೇಲೆ ಮೆಲ್ಲನೆ ನಿಯಮವನ್ನು ತಿಳಿಸಿದರು. ಬಹುಮಾನಕ್ಕೆ ಅರ್ಹರಾಗಬೇಕಾದರೆ ಒಂದು ಇಂಡಕ್ಷನ್ ಒಲೆ, ಒಂದು ಪ್ರೆಷರ್ ಕುಕ್ಕರ್ ಹಾಗೂ ಒಂದು ಇಸ್ತ್ರಿಪೆಟ್ಟಿಗೆಯನ್ನು 'ರಿಯಾಯಿತಿ ದರ'ವಾದ 4,900 ರೂಪಾಯಿಗೆ ಅಂದೇ ಕೊಳ್ಳಬೇಕು; ರೆಫ್ರಿಜರೇಟರು ಹತ್ತು ದಿನಗಳೊಳಗೆ ಲಾರಿಯಲ್ಲಿ ಬರುತ್ತದೆ. ಆ ತಾಯಿ ಅಂಗಳದ ಮಲ್ಲಿಗೆಯನ್ನು ಕೊಯ್ದು, ಚೆಂಡು ಕಟ್ಟಿ, ಅಟ್ಟೆಯ ಲೆಕ್ಕದಲ್ಲಿ ಮಾರಿ, ಮೊಮ್ಮಗಳ ಶಾಲಾ ಶುಲ್ಕಕ್ಕೆಂದು ಕೂಡಿಟ್ಟಿದ್ದ ಹಣವದು. ಎಣಿಸಿ ಕೊಟ್ಟರು. ಲಾರಿ ಬರಲಿಲ್ಲ. ಕಾರ್ಡಿನಲ್ಲಿದ್ದ ದೂರವಾಣಿ ಸಂಖ್ಯೆ ಕೆಲವು ದಿನ ರಿಂಗಾಗಿ, ಆಮೇಲೆ ಸ್ತಬ್ಧವಾಯಿತು. ಒಲೆ ಮೂರನೆಯ ವಾರದಲ್ಲಿ ಕೆಟ್ಟಿತು.

ಹಣವನ್ನು ಮರಳಿ ಪಡೆಯುವ ದಾರಿಯನ್ನು ಕೇಳಲು ಅವರು ಬಂದಿರಬಹುದೆಂದು ನಾವು ಭಾವಿಸಿದ್ದೆವು. ಆದರೆ ಅವರು ಕೇಳಿದ್ದು ಬೇರೆಯೇ: "ಫಾದರ್, ನಾನು ಜೂಜಾಡಿದ ಹಾಗಾಯಿತೇ? ಇದನ್ನು ಪಾಪನಿವೇದನೆಯಲ್ಲಿ ಹೇಳಬೇಕೇ?" ಸ್ವಲ್ಪ ತಡೆದು, "ದುಬೈಯಲ್ಲಿರುವ ಮಗನಿಗೆ ಮಾತ್ರ ತಿಳಿಯುವುದು ಬೇಡ" ಎಂದರು. ಮೋಸ ಮಾಡಿದವರು ತಲೆಯೆತ್ತಿ ಮುಂದಿನ ಊರಿಗೆ ಹೋಗಿದ್ದರು. ಮೋಸಹೋದವರು ತಲೆತಗ್ಗಿಸಿ ನಮ್ಮೆದುರು ನಿಂತಿದ್ದರು. ಈ ಲೇಖನವನ್ನು ಬರೆಯಲು ನಮ್ಮನ್ನು ಪ್ರೇರೇಪಿಸಿದ್ದು ಈ ವಿಪರ್ಯಾಸವೇ.

ಎಲ್ಲರೂ ಗೆಲ್ಲುವ ಅದೃಷ್ಟ

ಈ ವ್ಯಾಪಾರದ ಒಳಗುಟ್ಟು ಬಹಳ ಸರಳವಾದುದು. ಐದು ಮನೆಗಳ ಆಯ್ಕೆ ಎಂಬುದು ಕೇವಲ ಮಾತು. ತರುಣರ ಚೀಲದಲ್ಲಿರುವ ಎಲ್ಲ ಕಾರ್ಡುಗಳಲ್ಲಿಯೂ ಬಹುಮಾನವಿರುತ್ತದೆ. ಎಲ್ಲರೂ ಗೆಲ್ಲುವಲ್ಲಿ ಅದೃಷ್ಟಕ್ಕೆ ಕೆಲಸವೇ ಇಲ್ಲ. ಉಜ್ಜುವ ಕಾರ್ಡು ಬಾಗಿಲು ತೆರೆಸುವ ಬೀಗದಕೈ ಮಾತ್ರ. ಅವರು ಬಂದಿರುವುದು ಕುಕ್ಕರ್ ಮಾರಲು. ಪೆಟ್ಟಿಗೆಯ ಮೇಲಿನ ಬೆಲೆಯ ಚೀಟಿಯಲ್ಲಿ 12,000 ಎಂದು ಮುದ್ರಿಸಿದರೆ 4,900 ಅಗ್ಗವೆಂದು ತೋರುತ್ತದೆ. ಆ ಚೀಟಿಯನ್ನು ಮುದ್ರಿಸಿದವರು ಯಾರೆಂದು ಯಾರೂ ಕೇಳುವುದಿಲ್ಲ. ಇಂದೇ ಕೊಳ್ಳಬೇಕೆಂಬ ಅವಸರವೂ ಉದ್ದೇಶಪೂರ್ವಕವಾದುದು. ನಾಳೆಯವರೆಗೆ ಕಾಲಾವಕಾಶ ಸಿಕ್ಕರೆ ಪೇಟೆಯ ಅಂಗಡಿಯಲ್ಲಿ ಬೆಲೆ ವಿಚಾರಿಸಬಹುದು, ಮನೆಯವರೊಡನೆ ಸಮಾಲೋಚಿಸಬಹುದು. ಅವೆರಡೂ ನಡೆಯಬಾರದೆಂದೇ ಅವರು ಹಗಲು ಹನ್ನೊಂದು ಗಂಟೆಗೆ, ಗಂಡಸರು ಕೆಲಸಕ್ಕೂ ಮಕ್ಕಳು ಶಾಲೆಗೂ ಹೋದ ಹೊತ್ತಿನಲ್ಲಿ ಬರುತ್ತಾರೆ.

ಇದೇ ಬಲೆ ಬೇರೆ ಬೇರೆ ರೂಪಗಳಲ್ಲಿಯೂ ಬೀಸಲ್ಪಡುತ್ತದೆ. ವಸ್ತುಪ್ರದರ್ಶನದಲ್ಲಿಯೋ ಪೆಟ್ರೋಲ್ ಬಂಕಿನಲ್ಲಿಯೋ ಹೆಸರು, ದೂರವಾಣಿ ಸಂಖ್ಯೆ ಬರೆದು ಪೆಟ್ಟಿಗೆಗೆ ಹಾಕಿದ ಕೂಪನ್ನಿಗೆ ಕೆಲವು ದಿನಗಳಲ್ಲಿ ಕರೆ ಬರುತ್ತದೆ: ನಿಮಗೆ ಬಹುಮಾನ ಬಂದಿದೆ, ದಂಪತಿಗಳು ಕೂಡಿಯೇ ಬರಬೇಕು. ಹೋದವರನ್ನು ಹೋಟೆಲಿನ ಸಭಾಂಗಣದಲ್ಲಿ ಗಂಟೆಗಟ್ಟಲೆ ಕುಳ್ಳಿರಿಸಿ, ನೀರು ಶುದ್ಧೀಕರಣ ಯಂತ್ರವನ್ನೋ ಪ್ರವಾಸದ ಸದಸ್ಯತ್ವವನ್ನೋ ಮಾರುತ್ತಾರೆ. ಬಹುಮಾನವೆಂದು ಕೈಗೆ ಸಿಗುವುದು ಊಟದ ಡಬ್ಬಿ. ಇನ್ನು ಕೆಲವರಿಗೆ ಹೆಸರಾಂತ ಮಾರಾಟ ಸಂಸ್ಥೆಯ ಲಾಂಛನವನ್ನು ಕದ್ದು ಮುದ್ರಿಸಿದ ಲಕೋಟೆ ಅಂಚೆಯಲ್ಲಿ ಬರುತ್ತದೆ. ಒಳಗಿನ ಕಾರ್ಡನ್ನು ಉಜ್ಜಿದರೆ ಕಾರು! ಕಾರನ್ನು ಪಡೆಯಲು ಮೊದಲು ತೆರಿಗೆ, ಆಮೇಲೆ ನೋಂದಣಿ, ಆಮೇಲೆ ಸಾಗಾಟದ ವೆಚ್ಚ ಎಂದು ಕಂತುಕಂತಾಗಿ ಹಣ ಕೇಳುತ್ತಾರೆ. ತೆರಿಗೆ ಎಂಬುದು ಸರಕಾರದ ಖಾತೆಗೆ ಹೋಗತಕ್ಕದ್ದು. ಯಾರದೋ ಖಾಸಗಿ ಖಾತೆಗೆ ಅಲ್ಲ ಎಂಬ ಒಂದು ಮಾತು ನೆನಪಿದ್ದರೆ ಸಾಕು, ಈ ಬಲೆ ಹರಿಯುತ್ತದೆ.

ಕಂತಿನ ಸ್ಕೀಮಿನ ಲೆಕ್ಕ

ನಮ್ಮ ಕರಾವಳಿಯಲ್ಲಿ ಇವೆಲ್ಲಕ್ಕಿಂತ ಹೆಚ್ಚು ಬೇರೂರಿರುವುದು ತಿಂಗಳ ಕಂತಿನ ಲಕ್ಕಿ ಸ್ಕೀಮು. ಇಲ್ಲಿ ಬರುವವರು ಅಪರಿಚಿತರಲ್ಲ, ನೆರೆಮನೆಯವರೇ. ಆದ್ದರಿಂದ ಒಂದು ಉದಾಹರಣೆಯನ್ನು ತೆಗೆದುಕೊಂಡು ಲೆಕ್ಕ ಹಾಕಿ ನೋಡೋಣ.

ಸಾವಿರ ಮಂದಿ ಸದಸ್ಯರು, ತಿಂಗಳಿಗೆ 500 ರೂಪಾಯಿ, ಒಟ್ಟು 20 ತಿಂಗಳು. ಪ್ರತಿ ತಿಂಗಳೂ ಚೀಟಿಯೆತ್ತಿ ಒಬ್ಬರಿಗೆ 20,000 ರೂಪಾಯಿ ಬೆಲೆಯ ರೆಫ್ರಿಜರೇಟರು. ಗೆದ್ದವರು ಮುಂದಿನ ಕಂತು ಕಟ್ಟಬೇಕಾಗಿಲ್ಲ. ಗೆಲ್ಲದವರಿಗೂ ನಷ್ಟವಿಲ್ಲ, ಕೊನೆಯಲ್ಲಿ 10,000 ರೂಪಾಯಿಯ ಗೃಹೋಪಯೋಗಿ ವಸ್ತು ಖಚಿತ ಎಂದು ಕರಪತ್ರ ಸಾರುತ್ತದೆ. ಗೆಲ್ಲುವವರು ಸಾವಿರದಲ್ಲಿ 20 ಮಂದಿ, ಅಂದರೆ 50ರಲ್ಲಿ ಒಬ್ಬರು. ಉಳಿದ 980 ಮಂದಿ ತಲಾ 10,000ದಂತೆ 98 ಲಕ್ಷ ರೂಪಾಯಿ ಕಟ್ಟುತ್ತಾರೆ. ಗೆಲ್ಲುವ ತನಕ ವಿಜೇತರು ಕಟ್ಟಿದ್ದು 1,05,000. ಒಟ್ಟು ಸಂಗ್ರಹ 99,05,000. ಬಹುಮಾನಗಳ ವೆಚ್ಚ 4 ಲಕ್ಷ. ಕೊನೆಗೆ ಕೊಡುವ ವಸ್ತು ಸಗಟಿನಲ್ಲಿ 6,000ಕ್ಕೆ ಸಿಗುವುದಾದರೆ ಅದಕ್ಕೆ 58,80,000. ಉಳಿಯುವುದು 36,25,000 ರೂಪಾಯಿ. ಏಜೆಂಟರ ಕಮಿಷನ್, ಸಭಾಂಗಣದ ಬಾಡಿಗೆ, ವೇದಿಕೆಯ ದೀಪಾಲಂಕಾರ ಎಲ್ಲವೂ ಹೊರಡುವುದು ಇದರಿಂದಲೇ. ಇಪ್ಪತ್ತು ತಿಂಗಳು ನಮ್ಮ ಹಣವನ್ನು ಬಡ್ಡಿಯಿಲ್ಲದೆ ಬಳಸಿಕೊಂಡ ಲಾಭ ಬೇರೆ.

ಇದು ಸ್ಕೀಮು ಕೊಟ್ಟ ಮಾತಿಗೆ ತಪ್ಪದೆ ನಡೆದಾಗಿನ ಲೆಕ್ಕವೆಂಬುದನ್ನು ಗಮನಿಸಬೇಕು. ಹದಿನೈದನೆಯ ತಿಂಗಳಿಗೆ ಕಚೇರಿಯ ಬಾಗಿಲು ಮುಚ್ಚಿದರೆ ಕಟ್ಟಿದ್ದೆಲ್ಲ ನೀರುಪಾಲು. ಇಲ್ಲಿ ಗೆದ್ದವನ ರೆಫ್ರಿಜರೇಟರಿಗೆ ಬೆಲೆ ತೆರುವವರು ಸ್ಕೀಮಿನ ಸಂಚಾಲಕರಲ್ಲ, ಸೋತ ನೆರೆಹೊರೆಯವರು. ವೇದಿಕೆಯ ಮೇಲೆ ಬಹುಮಾನ ಸ್ವೀಕರಿಸುವವನ ಭಾವಚಿತ್ರ ಎಲ್ಲರ ಮೊಬೈಲಿಗೂ ಬರುತ್ತದೆ. ಬೆಲೆ ತೆತ್ತ 980 ಮಂದಿಯ ಚಿತ್ರವನ್ನು ಯಾರೂ ತೆಗೆಯುವುದಿಲ್ಲ.

ಕಾನೂನು ಏನು ಹೇಳುತ್ತದೆ?

ಈ ರೋಗ ಹೊಸದಲ್ಲ. ಭಾರತೀಯ ರಿಸರ್ವ್ ಬ್ಯಾಂಕು ನೇಮಿಸಿದ್ದ ಜೇಮ್ಸ್ ಎಸ್. ರಾಜ್ ಅಧ್ಯಕ್ಷತೆಯ ಅಧ್ಯಯನ ತಂಡವು 1975ರಲ್ಲಿಯೇ ಇಂತಹ ಬಹುಮಾನ ಚೀಟಿಗಳಿಂದ ಸಮಾಜಕ್ಕೆ ಹಿತವಿಲ್ಲವೆಂದು ಕಂಡು, ಅವುಗಳನ್ನು ನಿಷೇಧಿಸಲು ಶಿಫಾರಸು ಮಾಡಿತು. ಅದರ ಫಲವಾಗಿ 1978ರಲ್ಲಿ ಬಹುಮಾನ ಚೀಟಿ ಮತ್ತು ಹಣ ಚಲಾವಣೆ ಯೋಜನೆಗಳ ನಿಷೇಧ ಕಾಯ್ದೆ ಬಂತು. ಕಂತುಗಳಲ್ಲಿ ಹಣ ಸಂಗ್ರಹಿಸಿ, ಚೀಟಿಯೆತ್ತಿ ಕೆಲವರಿಗೆ ಬಹುಮಾನ ಕೊಟ್ಟು, ಉಳಿದವರಿಗೆ ಕೊನೆಯಲ್ಲಿ ಹಣವನ್ನು ಹಿಂದಿರುಗಿಸುವ ಯೋಜನೆಗಳು ಆ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ನಡೆಸುವವರಿಗೆ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಕೂಪನ್ ಮುದ್ರಿಸುವವರು, ಮಾರುವವರು, ಜಾಹೀರಾತು ಹಂಚುವವರು ಕೂಡ ಶಿಕ್ಷಾರ್ಹರು. 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಾಯಿತವಾಗಿ ನಡೆಯುವ ಚೀಟಿ ವ್ಯವಹಾರ ಬೇರೆ; ಎರಡನ್ನೂ ಒಂದೇ ಎಂದು ನಂಬಿಸುವವರ ಮಾತಿಗೆ ಮರುಳಾಗಬಾರದು.

ಉಜ್ಜುವ ಕಾರ್ಡಿನಂತಹ ಮೋಸಕ್ಕೆ ಗ್ರಾಹಕ ಸಂರಕ್ಷಣಾ ಕಾಯ್ದೆಯಿದೆ. 1986ರ ಕಾಯ್ದೆಯ ಸ್ಥಾನದಲ್ಲಿ 2019ರ ಕಾಯ್ದೆ 2020ರ ಜುಲೈ ತಿಂಗಳಿನಿಂದ ಜಾರಿಯಲ್ಲಿದೆ. ಕೊಡುವ ಉದ್ದೇಶವಿಲ್ಲದೆ ಬಹುಮಾನ ಘೋಷಿಸುವುದು, ಬೆಲೆಯೊಳಗೆ ಸೇರಿಸಿದ್ದನ್ನು ಉಚಿತವೆಂದು ತೋರಿಸುವುದು, ಬಹುಮಾನ ಯೋಜನೆಯ ಅಂತಿಮ ಫಲಿತಾಂಶವನ್ನು ಭಾಗವಹಿಸಿದವರಿಂದ ಮುಚ್ಚಿಡುವುದು, ಮಾರಿದ ವಸ್ತುವಿಗೆ ಬಿಲ್ಲು ಕೊಡದಿರುವುದು, ಇವೆಲ್ಲವೂ ಅದರಲ್ಲಿ ಅನುಚಿತ ವ್ಯಾಪಾರ ಪದ್ಧತಿಗಳೆಂದು ಹೆಸರಿಸಲ್ಪಟ್ಟಿವೆ. ದೂರನ್ನು ನಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ಸಲ್ಲಿಸಬಹುದು. ಮಾರಿದವರ ಊರಿಗೆ ಅಲೆಯಬೇಕಾಗಿಲ್ಲ. ಕೊಟ್ಟ ಹಣ ಐದು ಲಕ್ಷ ರೂಪಾಯಿಯೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಎರಡು ವರ್ಷಗಳೊಳಗೆ ದೂರು ಕೊಡಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ದೂರವಾಣಿ ಅಥವಾ ಮೊಬೈಲಿನ ಮೂಲಕ ಹಣ ಕಳುಹಿಸಿ ಮೋಸಹೋದವರು ತಡಮಾಡದೆ 1930ಕ್ಕೆ ಕರೆಮಾಡಬೇಕು; ಹಣ ಕೈಗಳನ್ನು ದಾಟುವ ಮೊದಲೇ ಖಾತೆಯನ್ನು ತಡೆಹಿಡಿಯಲು ಸಾಧ್ಯವಾಗುವುದುಂಟು. ಕಾರ್ಡು, ಕರಪತ್ರ, ರಸೀದಿ, ಪೆಟ್ಟಿಗೆಯ ಮೇಲಿನ ಚೀಟಿ ಯಾವುದನ್ನೂ ಬಿಸಾಡಬಾರದು. ನಾಚಿಕೆಯಿಂದ ಒಲೆಗೆ ಹಾಕಿದ ಕಾಗದವೇ ಅನೇಕ ವೇಳೆ ಏಕೈಕ ಸಾಕ್ಷಿಯಾಗಿರುತ್ತದೆ.

ದಾನವೋ ಮಾರಾಟವೋ?

ಕಾನೂನಿನ ಮಾತು ಮುಗಿದಲ್ಲಿ ಆತ್ಮಸಾಕ್ಷಿಯ ಮಾತು ತೊಡಗುತ್ತದೆ. ಪ್ರೇಷಿತರ ಕಾರ್ಯಕಲಾಪಗಳ ಎಂಟನೆಯ ಅಧ್ಯಾಯದಲ್ಲಿ ಸಿಮೋನನೆಂಬ ಮಾಂತ್ರಿಕನ ವೃತ್ತಾಂತವಿದೆ. ದೇವರ ವರವನ್ನು ಹಣಕೊಟ್ಟು ಕೊಳ್ಳಬಹುದೆಂದು ಬಗೆದ ಅವನನ್ನು ಸಂತ ಪೇತ್ರರು ಕಠಿಣವಾಗಿ ಖಂಡಿಸಿದರು. ಬೆಲೆ ಕಟ್ಟಿದೊಡನೆ ವರವು ವರವಾಗಿ ಉಳಿಯುವುದಿಲ್ಲ. ಸಿಮೋನನು ದಾನವನ್ನು ಕೊಳ್ಳಲು ಹೋದನು; ನಮ್ಮ ಮನೆಬಾಗಿಲಿಗೆ ಬರುವವರು ಮಾರಾಟಕ್ಕೆ ದಾನದ ವೇಷ ತೊಡಿಸುತ್ತಾರೆ. ಎರಡರಲ್ಲಿಯೂ ಕೆಡುವುದು ದಾನವೆಂಬ ಪವಿತ್ರ ಸಂಗತಿಯೇ. ಬಹುಮಾನವು ನಿಜವಾಗಿದ್ದರೆ ಅದು ಬೆಲೆ ಕೇಳುವುದಿಲ್ಲ; ಬೆಲೆ ಕೇಳಿದರೆ ಅದು ಬಹುಮಾನವಲ್ಲ. ನಮ್ಮ ಮನೆಯ ಮಕ್ಕಳಿಗೂ ವೃದ್ಧರಿಗೂ ಕಲಿಸಬೇಕಾದ ಪಾಠವನ್ನು ಈ ಒಂದೇ ವಾಕ್ಯದಲ್ಲಿ ಅಡಕಗೊಳಿಸಬಹುದು.

'ನಾವು ಸುಳ್ಳು ಹೇಳಿಲ್ಲ, ಷರತ್ತುಗಳನ್ನು ಕಾರ್ಡಿನ ಹಿಂಭಾಗದಲ್ಲಿ ಮುದ್ರಿಸಿದ್ದೇವೆ' ಎಂದು ಕೆಲವರು ವಾದಿಸುವುದುಂಟು. ಸುಳ್ಳಿನ ಜೀವಾಳವಿರುವುದು ವಂಚಿಸುವ ಇಚ್ಛೆಯಲ್ಲಿ ಎಂದು ಸಂತ ಅಗುಸ್ತೀನರು ಹದಿನಾರು ಶತಮಾನಗಳ ಹಿಂದೆಯೇ ವಿವರಿಸಿದ್ದಾರೆ. ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ ಅಚ್ಚಾದ ಸತ್ಯವು ಓದಲೆಂದು ಅಲ್ಲ, ಓದದಿರಲೆಂದೇ ಅಚ್ಚಾಗಿದೆ. ಸಂತ ತೋಮಸ್ ಅಕ್ವಿನಾಸರು ತಮ್ಮ ಮಹಾಗ್ರಂಥದಲ್ಲಿ ಕೊಡುಕೊಳ್ಳುವಿಕೆಯ ವಂಚನೆಗೆಂದೇ ಒಂದು ಪ್ರಶ್ನೆಯನ್ನು ಮೀಸಲಿಟ್ಟು, ಕೊಳ್ಳುವವನಿಗೆ ನಷ್ಟ ಅಥವಾ ಅಪಾಯ ತರುವ ದೋಷವನ್ನು ಮರೆಮಾಚಿ ಮಾರುವುದು ನ್ಯಾಯಕ್ಕೆ ವಿರುದ್ಧವೆಂದು ಪ್ರತಿಪಾದಿಸಿದ್ದಾರೆ. ಏಳನೆಯ ಕಟ್ಟಳೆಯೂ ಎಂಟನೆಯ ಕಟ್ಟಳೆಯೂ ಇಲ್ಲಿ ಒಟ್ಟಿಗೇ ಮುರಿಯಲ್ಪಡುತ್ತವೆ: ಸುಳ್ಳೇ ಕಳವಿನ ಸಾಧನವಾಗುತ್ತದೆ.

ಹಾಗಾದರೆ ಮೋಸಹೋದವರ ಆಸೆಗೆ ಹೊಣೆಯಿಲ್ಲವೇ? ಹತ್ತನೆಯ ಕಟ್ಟಳೆಯನ್ನು ನಾವು ಮರೆತಿಲ್ಲ. ಪುಕ್ಕಟೆಯಾಗಿ ಬರುವುದರ ಬಗೆಗಿನ ಹಂಬಲ ನಮ್ಮೆಲ್ಲರಲ್ಲಿಯೂ ಇದೆ, ಅದನ್ನು ಪರೀಕ್ಷಿಸಿಕೊಳ್ಳಬೇಕು. ಆದರೆ 'ಮೋಸಹೋಗುವವರು ಇರುವ ತನಕ ಮೋಸ ಮಾಡುವವರೂ ಇರುತ್ತಾರೆ' ಎಂಬ ನಮ್ಮ ಜನರ ಮಾತು, ಅಪರಾಧದ ಹೊರೆಯನ್ನು ಅನ್ಯಾಯವಾಗಿ ದುರ್ಬಲರ ಹೆಗಲಿಗೇರಿಸುತ್ತದೆ. ಆ ತಾಯಿಯ ಮಾತುಗಳನ್ನು ತಾಳ್ಮೆಯಿಂದ ಆಲಿಸಿದಾಗ ನಮಗೆ ತಿಳಿದುಬಂದುದು ಬೇರೆಯೇ. ರೆಫ್ರಿಜರೇಟರಿಗಿಂತ ಹೆಚ್ಚಾಗಿ ಅವರನ್ನು ಸೆಳೆದದ್ದು, 'ನಿಮ್ಮನ್ನೇ ಆರಿಸಿದ್ದೇವೆ' ಎಂಬ ಮಾತು. "ಇಷ್ಟು ವರ್ಷಗಳಲ್ಲಿ ನನ್ನನ್ನು ಯಾರೂ ಯಾವುದಕ್ಕೂ ಆರಿಸಿರಲಿಲ್ಲ, ಫಾದರ್" ಎಂದರು ಅವರು. ಮನೆಯಲ್ಲಿ ಮಾತನಾಡಿಸುವವರಿಲ್ಲದೆ, ಊರಿನಲ್ಲಿ ವಿಚಾರಿಸುವವರಿಲ್ಲದೆ ದಿನ ಕಳೆಯುವ ವೃದ್ಧರನ್ನು ಅಪರಿಚಿತನೊಬ್ಬನ ಸವಿಮಾತು ಗೆಲ್ಲುವುದಾದರೆ, ಆ ತೆರವು ಜಾಗವನ್ನು ಹಾಗೆಯೇ ಬಿಟ್ಟವರು ನಾವು. ವಾರ್ಡಿನ ಗುರಿಕಾರರೂ, ಮಕ್ಕಳೂ, ಧರ್ಮಗುರುಗಳಾದ ನಾವೂ ಇದಕ್ಕೆ ಉತ್ತರ ಕೊಡಬೇಕಾಗಿದೆ.

ನಮ್ಮ ಅಂಗಳವನ್ನೂ ಗುಡಿಸೋಣ

ಇಷ್ಟು ಬರೆದು ಲೇಖನಿಯನ್ನು ಕೆಳಗಿಟ್ಟರೆ ನಾವು ಪ್ರಾಮಾಣಿಕರಾಗುವುದಿಲ್ಲ. ನಮ್ಮ ವಾರ್ಷಿಕ ಹಬ್ಬಗಳಲ್ಲಿ ಲಕ್ಕಿ ಕೂಪನುಗಳಿಲ್ಲವೇ? ಬಲಿಪೂಜೆ ಮುಗಿಸಿ ಹೊರಬರುವವರ ಮುಂದೆ ನಮ್ಮ ಯುವಕರೇ ಕೂಪನ್ ಪುಸ್ತಕ ಹಿಡಿದು ನಿಲ್ಲುವುದಿಲ್ಲವೇ? ಅದೃಷ್ಟದಾಟವು ತನ್ನಷ್ಟಕ್ಕೆ ನ್ಯಾಯವಿರುದ್ಧವಲ್ಲ, ಆದರೆ ಅದು ಯಾರನ್ನಾದರೂ ಜೀವನಾವಶ್ಯಕತೆಯಿಂದ ವಂಚಿತಗೊಳಿಸಿದಾಗ ನೈತಿಕವಾಗಿ ಒಪ್ಪತಕ್ಕದ್ದಲ್ಲ ಎಂಬುದು 1992ರ ಕಥೋಲಿಕ ಧರ್ಮೋಪದೇಶ ಗ್ರಂಥದ ಬೋಧನೆಯ ಸಾರ. ಕೂಪನ್ ಕೊಳ್ಳುವವರು ಅದು ದೇವಾಲಯಕ್ಕೆ ಕೊಡುವ ದೇಣಿಗೆಯೆಂದು ತಿಳಿದೇ ಕೊಡುತ್ತಾರೆ. ಆದ್ದರಿಂದ ಎರಡೂ ಒಂದೇ ಎನ್ನಲಾಗದು. ಆದರೂ ಅನುಮತಿಯಿಲ್ಲದ ಲಾಟರಿಯನ್ನು ಈ ದೇಶದ ಕಾನೂನು ಒಪ್ಪುವುದಿಲ್ಲ; ಶಿಲುಬೆಯ ಚಿತ್ರವನ್ನು ಮುದ್ರಿಸಿದ ಮಾತ್ರಕ್ಕೆ ಕೂಪನ್ನಿಗೆ ವಿನಾಯಿತಿ ಸಿಗುವುದಿಲ್ಲ. ಕರ್ನಾಟಕವು 2007ರಲ್ಲಿ ಲಾಟರಿ ಮಾರಾಟವನ್ನು ನಿಲ್ಲಿಸಿದಾಗ ಸ್ವಾಗತಿಸಿದ ನಾವು, ನಮ್ಮ ಮಕ್ಕಳ ಕೈಗೆ ಕೂಪನ್ ಪುಸ್ತಕ ಕೊಡುವ ಮುನ್ನ ಎರಡು ಬಾರಿ ಯೋಚಿಸಬೇಕಲ್ಲವೇ? ದೇವಾಲಯದ ಮೆಟ್ಟಿಲಲ್ಲಿ ಕೂಪನ್ ಕೊಂಡು ಅಭ್ಯಾಸವಾದ ಕೈ, ಮನೆಯ ಮೆಟ್ಟಿಲಲ್ಲಿ ಕಾರ್ಡು ಉಜ್ಜಲು ಹಿಂಜರಿಯುವುದಿಲ್ಲ.

ಈ ವಿಚಾರವನ್ನು ನಮ್ಮ ಪಾಲನಾ ಪರಿಷತ್ತಿನ ಮುಂದಿಟ್ಟಾಗ ವಿರೋಧ ಬಾರದೆ ಇರಲಿಲ್ಲ. ಕೂಪನ್ನಿನ ಆದಾಯವಿಲ್ಲದಿದ್ದರೆ ಶಾಲೆಯ ಛಾವಣಿಯ ದುರಸ್ತಿ ಹೇಗೆಂದು ಕೆಲವರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಚರ್ಚೆಯ ಬಳಿಕ ಈ ವರ್ಷದ ಹಬ್ಬಕ್ಕೆ ಕೂಪನ್ನಿನ ಬದಲು ಬಹಿರಂಗ ದೇಣಿಗೆಯ ಪಟ್ಟಿಯಿರಲಿ ಎಂದು ತೀರ್ಮಾನವಾಯಿತು. ಹಣ ಕಡಿಮೆಯಾದೀತೆಂಬ ಅಳುಕು ನಮಗೂ ಇದೆ. ಯಾವುದೇ ಸ್ಕೀಮಿನ ಪ್ರಚಾರಕ್ಕೆ ದೇವಾಲಯದ ವಠಾರವನ್ನಾಗಲಿ, ಸಂಘಗಳ ವಾಟ್ಸಾಪ್ ಬಳಗಗಳನ್ನಾಗಲಿ ಬಳಸಬಾರದೆಂಬ ನಿರ್ಣಯಕ್ಕೆ ಮಾತ್ರ ಯಾರೂ ಎದುರಾಡಲಿಲ್ಲ. ಏಕೆಂದರೆ ಕಮಿಷನ್ನಿನ ಆಸೆಗೆ ಏಜೆಂಟರಾದ ತರುಣರು ನಮ್ಮಲ್ಲಿಯೂ ಇದ್ದಾರೆ. ಅವರಲ್ಲಿ ನಮ್ಮದೊಂದು ವಿನಂತಿ: ಸ್ಕೀಮು ಮುಳುಗಿದಾಗ ಸಂಚಾಲಕನ ವಿಳಾಸ ಸಿಗದಿರಬಹುದು, ಆದರೆ ನಿಮ್ಮ ವಿಳಾಸ ಎಲ್ಲರಿಗೂ ಗೊತ್ತು. ಜನರು ಹಣ ಕೊಟ್ಟದ್ದು ಕಂಪೆನಿಯ ಹೆಸರಿಗಲ್ಲ, ನಿಮ್ಮ ತಂದೆತಾಯಿಯರು ಈ ಊರಿನಲ್ಲಿ ಗಳಿಸಿದ ಹೆಸರಿಗೆ.

ಇನ್ನು ಆ ತಾಯಿಯ ಪ್ರಶ್ನೆ. ಅವರು ಮಾಡಿದ್ದು ಜೂಜಲ್ಲವೆಂದೂ, ಅವರ ಮೇಲೆ ನಡೆದದ್ದು ಅನ್ಯಾಯವೆಂದೂ, ಅನ್ಯಾಯಕ್ಕೊಳಗಾದವರು ನಾಚಬೇಕಾಗಿಲ್ಲವೆಂದೂ ನಾವು ಹೇಳಿದೆವು. ಮಗನಿಗೆ ತಿಳಿಸುವುದೇ ಲೇಸೆಂದೆವು. ಅಂದು ಸಂಜೆ ಅವರು ದುಬೈಗೆ ಕರೆಮಾಡಿದರು. ಮಗ ಗದರಲಿಲ್ಲ, ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ತಾನೂ ಅಲ್ಲಿ ಲಾಟರಿಯ ಕರೆಯೊಂದಕ್ಕೆ ಹಣ ಕಳೆದುಕೊಂಡ ಸಂಗತಿಯನ್ನು ಮೊದಲ ಬಾರಿಗೆ ತಾಯಿಗೆ ತಿಳಿಸಿದನಂತೆ. ಮುಂದಿನ ವಾರ್ಡು ಕೂಟದಲ್ಲಿ, ಜಪಸರದ ಬಳಿಕ, ಆ ತಾಯಿ ಎದ್ದುನಿಂತು ಕಾರ್ಡನ್ನು ಎಲ್ಲರಿಗೂ ತೋರಿಸಿದರು. ಕೂಟದಲ್ಲಿದ್ದ ಹದಿನೆಂಟು ಮನೆಗಳ ಪೈಕಿ ಮೂರು ಮನೆಗಳವರು ಮರುದಿನ ಅಂತಹುದೇ ಕಾರ್ಡುಗಳನ್ನು ತಂದುಕೊಟ್ಟರು. ಮೂರರಲ್ಲಿಯೂ ರೆಫ್ರಿಜರೇಟರೇ ಇತ್ತು. ನಾಲ್ಕು ಕಾರ್ಡುಗಳನ್ನೂ ಜೋಡಿಸಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಿದ್ಧಪಡಿಸಲಾಗಿದೆ. ಹಣ ಮರಳುವುದೋ ಇಲ್ಲವೋ ನಾವು ಹೇಳಲಾರೆವು. ಆದರೆ ಆ ವಾರ್ಡಿನಲ್ಲಿ ಐದನೆಯ ಕಾರ್ಡು ಉಜ್ಜಲ್ಪಡಲಾರದೆಂಬ ಭರವಸೆ ನಮಗಿದೆ.

ಪ್ರಿಯ ವಾಚಕರೇ, ಅಟ್ಟ ಮೇಲೆ ಒಲೆ ಉರಿದು ಪ್ರಯೋಜನವಿಲ್ಲವೆಂಬ ಗಾದೆ ನಿಮಗೆ ತಿಳಿದೇ ಇದೆ. ಈ ಭಾನುವಾರ ಊಟಕ್ಕೆ ಕುಳಿತಾಗ ಮನೆಯ ಹಿರಿಯರನ್ನು ಒಮ್ಮೆ ಮೃದುವಾಗಿ ಕೇಳಿನೋಡಿ: ಇತ್ತೀಚೆಗೆ ಯಾರಾದರೂ ಬಂದಿದ್ದರೇ, ಏನನ್ನಾದರೂ ಕೊಂಡಿರಾ ಎಂದು. ಉತ್ತರ ಏನೇ ಬರಲಿ, ಗದರಬೇಡಿ. ಗದರಿಕೆಯ ಭಯವಿರುವ ಮನೆಯಲ್ಲಿ ಮೋಸಗಾರನ ಗುಟ್ಟು ಭದ್ರವಾಗಿರುತ್ತದೆ.